ದೊಡ್ಡತಾಯಿಗೆ ಬಹುವಚನ

ಕಪಿಲಾಪುರ ವಿಶ್ವವಿದ್ಯಾಲಯದಲ್ಲಿ ಆ ಯಂತ್ರಕ್ಕೆ ಇಟ್ಟ ಹೆಸರು ಮೃದುವಾಣಿ. ಹೆಸರಿಟ್ಟದ್ದು ಸಮಿತಿ, ಆದ್ದರಿಂದ ಉದ್ಘಾಟನೆಯ ದಿನ ಬಿಟ್ಟರೆ ಮತ್ತೆ ಯಾರೂ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಹುಡುಗರು ಅದನ್ನು ಬೆಣ್ಣೆ ಮಷಿನ್ ಎಂದು ಕರೆದರು. ಮೈಕಿನ ಈ ತುದಿಯಲ್ಲಿ ಏನೇ ಕಿರುಚಿದರೂ ಆ ತುದಿಯಲ್ಲಿ ಅದು ಬೆಣ್ಣೆ ಹಚ್ಚಿಸಿಕೊಂಡೇ ಹೊರಗೆ ಬರುತ್ತಿತ್ತು. ಯಂತ್ರವನ್ನು ಕಟ್ಟಿದ ಪ್ರೊಫೆಸರ್ ಹೈಮವತಿಗೂ ಈ ಅಡ್ಡಹೆಸರು ಗೊತ್ತಿತ್ತು. ಮೊದಮೊದಲು ಬೇಜಾರು ಮಾಡಿಕೊಂಡಳು, ಆಮೇಲೆ ತಾನೂ ಮನೆಯಲ್ಲಿ ಹಾಗೇ ಕರೆಯತೊಡಗಿದಳು. ಪ್ರೊಫೆಸರರನ್ನು ಅವಳು ಎಂದದ್ದಕ್ಕೆ ಓದುವವರು ಮುನಿಯಬಾರದು. ಇದು ಏಕವಚನದಲ್ಲೇ ಹೇಳಬೇಕಾದ ಕಥೆ.

ಯಂತ್ರ ಹುಟ್ಟಿದ್ದು ಒಂದು ಜಗಳದಿಂದ. ಹತ್ತು ಹನ್ನೆರಡು ವರ್ಷಗಳ ಹಿಂದೆ ವಿದ್ಯಾರ್ಥಿ ಸಂಘದ ಚುನಾವಣೆಯ ಚರ್ಚೆಯಲ್ಲಿ ಒಬ್ಬ ಹುಡುಗ ಎದುರು ಪಕ್ಷದವನಿಗೆ "ಸಾಕು, ಕೂತ್ಕೊಳೋ" ಅಂದುಬಿಟ್ಟ. ಅಲ್ಲಿಯ ತನಕ ಫೀಸು, ಮೀಸಲಾತಿ, ಸರ್ಕಾರ ಎಲ್ಲದರ ಮೇಲೂ ಖಾರವಾಗಿಯೇ ಮಾತಾಗಿತ್ತು, ಯಾರೂ ಕೈ ಎತ್ತಿರಲಿಲ್ಲ. ಆ ಒಂದು 'ಓ'ಕಾರಕ್ಕೆ ಕುರ್ಚಿಗಳು ಹಾರಾಡಿದವು. ಜಗಳಕ್ಕೆ ಸಂಬಂಧವೇ ಇಲ್ಲದ, ಸುಮ್ಮನೆ ಕೇಳಲು ಬಂದಿದ್ದ ಹುಡುಗನೊಬ್ಬನ ಎಡಗಣ್ಣು ಹೋಯಿತು. ಆಂಬುಲೆನ್ಸ್ ಬರುವವರೆಗೆ ಅವನ ತಲೆ ಹೈಮವತಿಯ ತೊಡೆಯ ಮೇಲಿತ್ತು. ಆ ಸೀರೆಯನ್ನು ಅವಳು ಮತ್ತೆ ಉಡಲಿಲ್ಲ.

ವಿಶ್ವವಿದ್ಯಾಲಯ ಸಭೆಗಳನ್ನೆಲ್ಲ ನಿಷೇಧಿಸಿತು. ಕ್ಯಾಂಪಸ್ಸಿನಲ್ಲಿ ರಾಜಕೀಯ ಮಾತಾಡಿದರೆ ನೋಟಿಸು ಬರುವ ಕಾಲ ಬಂತು. ಅದನ್ನು ವಿರೋಧಿಸಿ ಗುದ್ದಾಡಿದವಳು ಹೈಮವತಿಯೇ. ಬಾಯಿ ಮುಚ್ಚಿಸುವುದಕ್ಕಿಂತ ಬಾಯಿ ತೊಳೆಸುವುದು ಮೇಲಲ್ಲವೇ ಎಂದು ಸಿಂಡಿಕೇಟಿನಲ್ಲಿ ಕೇಳಿದಳು. ಯಾರು ಬೇಕಾದರೂ, ಯಾರ ಬಗ್ಗೆ ಬೇಕಾದರೂ, ಏನು ಬೇಕಾದರೂ ಹೇಳಲಿ, ವಿಷಯಕ್ಕೆ ತಡೆಯಿಲ್ಲ, ಆದರೆ ಕೇಳುವವರ ಕಿವಿಗೆ ಅದು ಮರ್ಯಾದೆಯಾಗಿ ಬೀಳಲಿ. ಹೀಗೆ ಮುಕ್ತ ಮಂಟಪ ಶುರುವಾಯಿತು.

ಮಂಟಪವೆಂದರೆ ದೊಡ್ಡ ಸಭಾಂಗಣ, ಅದರ ವೇದಿಕೆಯ ಮೇಲೆ ಗಾಜಿನ ಕೋಣೆ. ಮಾತಾಡುವವರು ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಬೇಕು. ಒಳಗಿನ ಸದ್ದು ಹೊರಗೆ ಬರದು. ಮಾತು ಮೊದಲು ಯಂತ್ರಕ್ಕೆ ಹೋಗಿ, ಒಂದು ಉಸಿರಿನಷ್ಟು ತಡವಾಗಿ, ಮಾತಾಡಿದವರ ದನಿಯಲ್ಲೇ ಹೊರಗೆ ಕೇಳಿಸುತ್ತಿತ್ತು. ಯಂತ್ರ ಮಾಡುತ್ತಿದ್ದ ಕೆಲಸ ಮೂರೇ. ಏಕವಚನವನ್ನು ಬಹುವಚನ ಮಾಡುವುದು, ಬೈಗುಳವನ್ನು ತೆಗೆದುಹಾಕುವುದು, ನೀವು ಮಾಡಿದಿರಿ ಎಂದು ದೂರಿದರೆ ಅದನ್ನು ಆಯಿತು, ಸಂಭವಿಸಿತು ಎಂದು ತಿರುಗಿಸುವುದು. ಇಷ್ಟಕ್ಕೇ ಸಭೆಗಳು ಎಷ್ಟು ತಣ್ಣಗಾದವೆಂದರೆ ಬೇರೆ ಊರುಗಳಿಂದ ಜನ ನೋಡಲು ಬಂದರು. ಶಾಲೆಗಳಿಗೂ ಯಂತ್ರ ಹೋಯಿತು. ಆಮೇಲೆ ಕಿವಿಗೇ ಸಿಕ್ಕಿಸಿಕೊಳ್ಳುವ ಪುಟ್ಟದೊಂದು ಬಂತು, ಅದರ ಹೆಸರು ಕಿವಿಹೂ. ಕಿವಿ ಮೇಲೆ ಹೂ ಇಡುವುದೆಂದರೆ ಕನ್ನಡದಲ್ಲಿ ಏನರ್ಥ ಎಂದು ಆ ಕಂಪನಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಬೆಣ್ಣೆ ಹಚ್ಚಿಕೊಂಡು ಕೇಳಿಸಿತೋ.

ವೇದಿಕೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ, ಗಾಜಿನ ಕಿಟಕಿಯ ನಿಯಂತ್ರಣ ಕೊಠಡಿ. ಪ್ರತಿ ಸಭೆಗೂ ಹೈಮವತಿ ಅಲ್ಲಿ ಕೂರುತ್ತಿದ್ದಳು. ಅವಳ ಬಲಗಿವಿಗೆ ಗಾಜಿನ ಕೋಣೆಯ ಹಸಿ ಮಾತು, ಎಡಗಿವಿಗೆ ಯಂತ್ರದ ಬೆಂದ ಮಾತು. ಎರಡನ್ನೂ ಕೇಳುವ ಮನುಷ್ಯರು ಇಡೀ ಕ್ಯಾಂಪಸ್ಸಿನಲ್ಲಿ ಅವಳೊಬ್ಬಳೇ. ಬಲಗಿವಿಗೆ ಬಿದ್ದದ್ದನ್ನು ಅವಳು ಯಾರಿಗೂ ಹೇಳಕೂಡದು, ಮುದ್ರಿಸಲೂ ಕೂಡದು. ಈ ನಿಯಮವನ್ನು ಕೇಳಿ ಪಡೆದವರು ವಿದ್ಯಾರ್ಥಿಗಳೇ. ಸಿಟ್ಟಿನಲ್ಲಿ ಆಡಿದ ಮಾತನ್ನು ನಾಳೆ ತಮ್ಮ ಮೇಲೇ ತಿರುಗಿಸಿದರೆ ಎಂಬ ಅವರ ಭಯ ನ್ಯಾಯವಾದದ್ದೇ ಆಗಿತ್ತು. ಹೈಮವತಿ ಅದನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದಿದ್ದಳು.

ಅವತ್ತಿನ ಮಂಟಪದಲ್ಲಿ ಕೊನೆಯ ಸರದಿ ಶಿವಮಲ್ಲಿ ಎಂಬ ಹುಡುಗಿಯದು. ಹನೂರಿನ ಕಡೆಯ ಬೆಟ್ಟದ ಊರವಳು, ಬಿ.ಎಸ್ಸಿ. ಕೊನೆಯ ವರ್ಷ, ಹಾಸ್ಟೆಲಿನಲ್ಲಿದ್ದಳು. ಮುಂದಿನ ಸಾಲಿನಲ್ಲಿ ಕುಲಪತಿ ನಂಜರಾಜೇ ಅರಸ್ ಎಂದಿನಂತೆ ಕೈಕಟ್ಟಿ ಗಂಭೀರವಾಗಿ ಕೂತಿದ್ದರು. ಹುಡುಗಿ ಬಾಗಿಲು ಹಾಕಿಕೊಂಡಳು. ನೀರು ಕುಡಿಯಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ, ನೇರ ಶುರುಮಾಡಿದಳು.

"ನಮ್ ದೊಡ್ಡತಾಯಿ ಸತ್ತೋದ್ಲು. ಕೊಳಕು ನೀರ ಕುಡ್ಸಿ ಸಾಯ್ಸುದ್ರಿ ಅವ್ಳ" ಎಂದಿತು ಹೈಮವತಿಯ ಬಲಗಿವಿ.

"ನಮ್ಮ ದೊಡ್ಡ ತಾಯಿಯವರು ನೀರು ಸೇವಿಸಿ ದೈವಾಧೀನರಾದರು" ಎಂದಿತು ಎಡಗಿವಿ.

ಹೈಮವತಿ ಬೆಚ್ಚಿಬಿದ್ದಳು. ದೊಡ್ಡತಾಯಿ ಎಂಬುದು ಆ ಕಡೆ ಹೆಣ್ಣುಮಕ್ಕಳಿಗೆ ಅಜ್ಜಿಯ ನೆನಪಿಗೆ ಇಡುವ ಹೆಸರು. ಯಂತ್ರಕ್ಕೆ ಅದು ಹೆಸರೆಂದು ತಿಳಿಯಲಿಲ್ಲ, ಯಾರೋ ಪೂಜ್ಯರೆಂದು ತಿಳಿಯಿತು. ಕೊಳಕು ಎಂಬ ಮಾತನ್ನು ಬೈಗುಳಗಳ ಸಾಲಿಗೆ ಸೇರಿಸಿದವಳು ಸ್ವತಃ ಹೈಮವತಿ. ಕೊಳಕ, ಕೊಳಕಿ ಎಂದು ಹುಡುಗರು ಒಬ್ಬರಿಗೊಬ್ಬರು ಅನ್ನುವುದನ್ನು ಕೇಳಿ ಸೇರಿಸಿದ್ದಳು. ನೀರೂ ಕೊಳಕಾಗಿರಬಹುದೆಂದು ಅವತ್ತು ಹೊಳೆದಿರಲಿಲ್ಲ.

ಶಿವಮಲ್ಲಿ ನಿಲ್ಲಿಸಲಿಲ್ಲ. "ನನ್ ಪಕ್ಕದಲ್ಲೇ ಮಲುಗ್ತಿದ್ಲು ಕನ್ರಯ್ಯಾ. ಮೈ ಸುಡ್ತಿತ್ತು. ವಾರ್ಡನ್‌ಗೆ ಯೋಳ್ದೊ, ಆಯಮ್ಮ ತಿರುಗಿ ನೋಡ್ನಿಲ್ಲ. ಹುಸಾರಿಲ್ದೋಳ ಬಸ್ ಹತ್ಸಿ ಊರ್ಗೆ ಅಟ್ಟುದ್ರಿ. ಅಲ್ಲೋಗಿ ಸತ್ಲು. ಇನ್ನೂ ಏಸು ಜನ ಸಾಯ್ಬೇಕು ನಿಮ್ಗೆ?"

ಸಭಾಂಗಣಕ್ಕೆ ಕೇಳಿಸಿದ್ದು ಹೀಗೆ: "ನನ್ನ ಪಕ್ಕದಲ್ಲೇ ವಿಶ್ರಮಿಸುತ್ತಿದ್ದರು. ಮೈ ಬಿಸಿಯಾಗಿತ್ತು. ವಾರ್ಡನ್ ಅವರಿಗೆ ತಿಳಿಸಲಾಯಿತು, ಅವರಿಗೆ ನೋಡಲು ಸಾಧ್ಯವಾಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬೀಳ್ಕೊಡಲಾಯಿತು. ಅಲ್ಲಿಯೇ ನಿಧನರಾದರು. ಇನ್ನೂ ಎಷ್ಟು ಮಂದಿಯನ್ನು ಕಳೆದುಕೊಳ್ಳಬೇಕಾಗಿದೆಯೋ."

ಜನ ತಲೆ ತಗ್ಗಿಸಿದರು. ಅವರ ಕಣ್ಣ ಮುಂದೆ ಬಂದದ್ದು ವಯಸ್ಸಾದ ಒಬ್ಬ ತಾಯಿ, ಮೊಮ್ಮಗಳನ್ನು ನೋಡಲು ಹಾಸ್ಟೆಲಿಗೆ ಬಂದಾಕೆ, ಊರಿಗೆ ಮರಳಿ, ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಿಸಿಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದಾಕೆ. ಅವಳು ಎಂಬುದು ಅವರು ಆದ ಕೂಡಲೇ ಹತ್ತೊಂಬತ್ತು ತುಂಬದ ಹುಡುಗಿಗೆ ಎಂಬತ್ತಾಗಿಬಿಟ್ಟಿತ್ತು.

ಕೊನೆಗೆ ಶಿವಮಲ್ಲಿ ಗಾಜಿಗೆ ಕೈಯೊತ್ತಿ ಕುಲಪತಿಗಳ ಕಡೆ ಬೆರಳು ಮಾಡಿ, "ನೀ ಬಾ, ಬಂದು ಒಂದ್ ಲೋಟ ಕುಡಿ ಆ ನೀರ, ನೋಡಾನ" ಅಂದಳು. ಯಂತ್ರ, "ತಾವು ದಯಮಾಡಿಸಿ ನೀರು ಸ್ವೀಕರಿಸಬೇಕೆಂದು ಕೋರುತ್ತೇನೆ" ಎಂದಿತು. ತಿಥಿಯೂಟಕ್ಕೆ ಕರೆಯುತ್ತಿದ್ದಾಳೆಂದು ತಿಳಿದ ಅರಸರು ಎದೆಯ ಮೇಲೆ ಕೈಯಿಟ್ಟು ತಲೆದೂಗಿದರು. ಆಮೇಲೆ ಎದ್ದು ನಿಂತರು. ಅವರ ಹಿಂದೆ ಇಡೀ ಸಭಾಂಗಣ ಎದ್ದು ನಿಂತಿತು, ಒಂದು ನಿಮಿಷ ಮೌನ ಆಚರಿಸಿತು.

ಗಾಜಿನೊಳಗಿನ ಹುಡುಗಿಗೆ ಹೊರಗೆ ಏನು ಕೇಳಿಸಿತೆಂದು ತಿಳಿಯುವ ದಾರಿಯಿರಲಿಲ್ಲ. ತನ್ನ ಗೆಳತಿಗಾಗಿ ಕುಲಪತಿಯಿಂದ ಹಿಡಿದು ಜವಾನನವರೆಗೆ ಎಲ್ಲರೂ ಎದ್ದು ನಿಂತದ್ದನ್ನು ಮಾತ್ರ ಕಂಡಳು. ಎರಡೂ ಕೈ ಜೋಡಿಸಿ ಅತ್ತಳು. ಹೈಮವತಿಯ ಬಲಗಿವಿಯಲ್ಲಿ ಆ ಅಳು ಕೇಳಿತು. ಎಡಗಿವಿಯಲ್ಲಿ ಏನೂ ಇರಲಿಲ್ಲ, ಅಳುವಿಗೆ ಬಹುವಚನ ಮಾಡುವುದನ್ನು ಅವಳು ಯಂತ್ರಕ್ಕೆ ಕಲಿಸಿರಲಿಲ್ಲ.

ಮನೆಯಲ್ಲಿ ಅವಳೂ ಮಗಳು ಮೇದಿನಿಯೂ ಇಬ್ಬರೇ. ಗಂಡ ಕೆಲಸದ ಮೇಲೆ ಬೇರೆ ಊರಲ್ಲಿದ್ದ. ಮೇದಿನಿ ಅದೇ ಕ್ಯಾಂಪಸ್ಸಿನಲ್ಲಿ ಮೊದಲ ವರ್ಷ ಓದುತ್ತಿದ್ದಳು. ಯಂತ್ರವಿದ್ದ ಶಾಲೆಯಲ್ಲೇ ಕಲಿತ ಹುಡುಗಿ. ಒಮ್ಮೆ ಹಾಲು ಉಕ್ಕಿಸಿದಾಗ ಹೈಮವತಿ "ಎಲ್ಲೇ ಇತ್ತು ನಿನ್ನ ಗ್ಯಾನ" ಎಂದಿದ್ದಕ್ಕೆ ಮೂರು ದಿನ ಕಿವಿಹೂ ತೆಗೆಯದೆ ಓಡಾಡಿದ್ದಳು.

ಅವತ್ತು ಅನ್ನ ಕಲಸುತ್ತಾ ಮೇದಿನಿ, "ಇವತ್ತಿನ ಮಂಟಪ ತುಂಬಾ ಚೆನ್ನಾಗಿತ್ತು ಅಮ್ಮ. ಯಾರೋ ವಯಸ್ಸಾದ ತಾಯಿ ತೀರಿಕೊಂಡರಂತಲ್ಲ, ಅವರ ಮೊಮ್ಮಗಳು ಎಷ್ಟು ಗೌರವದಿಂದ ಮಾತಾಡಿದರು. ನಾವೆಲ್ಲ ನಿಂತುಕೊಂಡ್ವಿ. ನನಗೆ ಅಳು ಬಂದುಬಿಡ್ತು" ಅಂದಳು.

ಹೈಮವತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅದು ಮುದುಕಿಯಲ್ಲ, ನಿನ್ನ ವಾರಿಗೆಯ ಹುಡುಗಿ, ಎನ್ನಬೇಕೆಂದು ಬಾಯಿ ತೆರೆದಳು. ನಿಯಮ ನೆನಪಾಯಿತು. ಮಗಳಿಗೇ ಹೇಳಿದರೂ ಹೇಳಿದಂತೆಯೇ ತಾನೇ. "ಸಾರು ಹಾಕ್ಲಾ?" ಎಂದು ಕೇಳಿದಳು.

"ಹಾಕಿ" ಎಂದಳು ಮೇದಿನಿ.

ಊಟವಾದ ಮೇಲೆ ಹೈಮವತಿ ಕಂಪ್ಯೂಟರ್ ತೆರೆದು ಬೈಗುಳಗಳ ಸಾಲಿನಿಂದ ಕೊಳಕು ಎಂಬ ಮಾತನ್ನು ತೆಗೆದಳು. ಹೆಸರುಗಳ ಸಾಲಿಗೆ ದೊಡ್ಡತಾಯಿ, ಚಿಕ್ಕತಾಯಿ, ಹಿರಿಯಮ್ಮ, ಸಣ್ಣಮ್ಮ ಎಲ್ಲವನ್ನೂ ಸೇರಿಸಿದಳು. ಕೆಲಸ ಮಾಡಿದ ಸಮಾಧಾನವಾಯಿತು, ನಿದ್ದೆಯೂ ಬಂತು. ಯಂತ್ರ ಕಟ್ಟುವವರಿಗೆ ಇದೊಂದು ಭಾಗ್ಯ, ಎಂಥ ಸಂಕಟಕ್ಕೂ ತಿದ್ದಲು ಏನಾದರೊಂದು ಸಿಗುತ್ತದೆ.

ಮಾರನೆಯ ದಿನ ಅವಳು ಕುಲಪತಿಗಳ ಕೊಠಡಿಗೆ ಹೋದಳು. ಅರಸರು ಎದ್ದು ನಿಂತು ಬರಮಾಡಿಕೊಂಡರು, ಕಾಫಿ ತರಿಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಹೈಮವತಿಗೆ ಜಗಳವಾಡುವುದು ಸುಲಭವಾಗುತ್ತಿತ್ತು.

"ಹೆಣ್ಣುಮಕ್ಕಳ ಹಾಸ್ಟೆಲಿನ ನೀರು ಒಂದ್ಸಲ ಪರೀಕ್ಷೆ ಮಾಡಿಸೋದು ಒಳ್ಳೇದು ಸಾರ್."

"ಖಂಡಿತ ಮಾಡಿಸೋಣ. ಯಾರಾದರೂ ದೂರು ಕೊಟ್ಟಿದ್ದಾರಾ?"

"ಮಂಟಪದಲ್ಲಿ ಆ ಹುಡುಗಿ ನೀರಿನ ಮಾತು ಎತ್ತಿದಳಲ್ಲ ಸಾರ್."

"ನಾನೂ ಅಲ್ಲೇ ಇದ್ದೆನಲ್ಲ ಮೇಡಂ. ಪಾಪ, ಹಿರಿಯರ ತಿಥಿಗೆ ಕರೆದರು. ಹೋಗಬೇಕು ಅಂತಿದ್ದೀನಿ." ಅರಸರು ಸ್ವಲ್ಪ ಮುಂದೆ ಬಾಗಿ ಮೆಲ್ಲನೆ ಕೇಳಿದರು. "ಅಥವಾ ಒಳಗೆ ಕೇಳಿದ್ದೇನಾದರೂ ಹೇಳ್ತಾ ಇದ್ದೀರಾ? ಹಾಗಿದ್ದರೆ ದಯವಿಟ್ಟು ಬೇಡ. ಆ ನಂಬಿಕೆ ಮುರಿದರೆ ಮಂಟಪಾನೇ ಮುಚ್ಚಬೇಕಾಗತ್ತೆ. ಮತ್ತೆ ಹಳೇ ಕಾಲ ಬರತ್ತೆ. ಆ ಕಣ್ಣು ಹೋದ ಹುಡುಗ ನಿಮಗೆ ನನಗಿಂತ ಚೆನ್ನಾಗಿ ನೆನಪಿರಬೇಕು."

ತೊಡೆಯ ಮೇಲಿನ ಆ ತಲೆಯ ಭಾರ ಹೈಮವತಿಗೆ ನೆನಪಾಯಿತು. "ಇಲ್ಲ ಸಾರ್" ಎಂದಳು. "ಸುಮ್ಮನೆ ಒಂದು ಸಲಹೆ."

"ಕಟ್ಟಡ ಸಮಿತಿಗೆ ಕಳಿಸ್ತೀನಿ" ಎಂದರು ಅರಸರು. ಕಳಿಸಿದರು ಕೂಡ. ಸಮಿತಿ ತಿಂಗಳಿಗೊಮ್ಮೆ ಸೇರುತ್ತಿತ್ತು.

ಆ ವಾರವೇ ಶಿವಮಲ್ಲಿ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಗಾಜಿನೊಳಗೆ ಕಂಡದ್ದಕ್ಕಿಂತ ಸಣ್ಣವಳಾಗಿ ಕಂಡಳು. ಚಪ್ಪಲಿ ಹೊರಗೇ ಬಿಟ್ಟಿದ್ದಳು.

"ಮೇಡಂ, ಒಂದ್ ಮಾತ ಕೇಳಾನ ಅಂತ ಬಂದಿ. ಕ್ಲಾಸಲ್ಲಿ ಎಲ್ರೂ ನಿಮ್ ಅಜ್ಜಿಗೆ ಏಸು ವರ್ಸ ಆಗಿತ್ತು ಅಂತ ಕೇಳ್ತಾವ್ರೆ. ಒಬ್ಳು, ತುಂಬು ಜೀವ್ನ ಅಲ್ವಾ, ಸಮಾದಾನ ಮಾಡ್ಕಳಿ ಅಂದ್ಲು. ನಂಗೆ ಯಾವ ಅಜ್ಜಿನೂ ಇಲ್ಲ. ನಾ ಅಂದಿದ್ದೇನು, ಇವ್ರಿಗೆ ಕೇಳ್ಸಿದ್ದೇನು?"

ಹೈಮವತಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅವಳ ಮಾತನ್ನು ಅವಳಿಗೇ ಹೇಳಿದರೆ ನಿಯಮ ಮುರಿದಂತಾಗುತ್ತದೆಯೇ ಎಂದು ಯೋಚಿಸಿದಳು. ಹೊರಗೆ ಏನು ಕೇಳಿಸಿತೆಂದು ಹೇಳಿದರೆ ಹುಡುಗಿ ಅಲ್ಲೇ ಕುಸಿದುಹೋಗುತ್ತಾಳೆಂಬ ಹೆದರಿಕೆಯೂ ಇತ್ತು. ನಿಜ ಹೇಳಬೇಕೆಂದರೆ ಎರಡನೆಯದೇ ದೊಡ್ಡದಾಗಿತ್ತು, ಆದರೆ ಮೊದಲನೆಯದು ಆಡಲು ಅನುಕೂಲವಾಗಿತ್ತು.

"ಇಲ್ಲಿ ಕೇಳಿದ್ದನ್ನು ನಾನು ಮಾತಾಡೋ ಹಾಗಿಲ್ಲಮ್ಮ. ಯಂತ್ರದಲ್ಲಿ ಒಂದೆರಡು ತಪ್ಪಿತ್ತು, ಸರಿಮಾಡಿದ್ದೀನಿ. ಮುಂದಿನ ಮಂಟಪದಲ್ಲಿ ಮೊದಲ ಸರದಿ ನಿಂಗೇ ಕೊಡಿಸ್ತೀನಿ. ಮತ್ತೆ ಹೇಳು."

"ಅಲ್ಲಿಗಂಟ?" ಎಂದಳು ಶಿವಮಲ್ಲಿ. "ನಮ್ ರೂಮಿನ ಮಂಗಳಗೌರಿಗೂ ಕಣ್ ಹಳ್ದಿ ಆಗದೆ ಮೇಡಂ. ನಿನ್ನೆಯಿಂದ ಏನೂ ತಿಂತಿಲ್ಲ."

"ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಕುಲಪತಿಗಳ ಹತ್ರ ನೀರಿನ ವಿಷಯ ಹೇಳಿದ್ದೀನಿ, ಅವರು ನೋಡ್ತಾರೆ."

ಕುಲಪತಿಗಳು ನೋಡುತ್ತಾರೆ ಎಂದದ್ದಕ್ಕೆ ಹುಡುಗಿಯ ಮುಖ ಎಷ್ಟು ಅರಳಿತೆಂದರೆ ಹೈಮವತಿ ಬೇರೆ ಕಡೆ ತಿರುಗಿಕೊಂಡಳು. ಶಿವಮಲ್ಲಿ ಬಾಗಿ ಅವಳ ಕಾಲು ಮುಟ್ಟಿ ಹೋದಳು.

ಮಂಗಳಗೌರಿ ಮುಂದಿನ ಮಂಟಪಕ್ಕೆ ಎರಡು ದಿನ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡಳು. ಸೂಚನಾ ಫಲಕದಲ್ಲಿ ಬಂದದ್ದು, "ನಮ್ಮನ್ನಗಲಿದ ಕುಮಾರಿ ಮಂಗಳಗೌರಿಯವರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಕೆಳಗೆ ಹೂವಿನ ಚಿತ್ರ. ಹೈಮವತಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಹುಡುಗರು ಅವಳಿಗೆ ನಮಸ್ಕಾರ ಮಾಡಿ, ಬಳಸಿಕೊಂಡು ಹೋದರು. ಅವಳಿಗೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಷ್ಟು ದುಃಖವಾಯಿತು.

ಮಂಟಪದ ದಿನ ಸಭಾಂಗಣ ತುಂಬಿತ್ತು. ಒಳಗೆ ಯಾರೂ ಕಿವಿಹೂ ಹಾಕಿಕೊಳ್ಳುವಂತಿಲ್ಲ, ಅಲ್ಲಿ ಅದರ ಅಗತ್ಯವೂ ಇರಲಿಲ್ಲ. ಎಲ್ಲರ ಕಿವಿ ಬರಿದಾಗಿತ್ತು. ಮೇದಿನಿ ಮೂರನೆಯ ಸಾಲಿನಲ್ಲಿ ಗೆಳತಿಯರ ಜೊತೆ ಕೂತಿದ್ದಳು. ಶಿವಮಲ್ಲಿ ಗಾಜಿನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು. ಹೈಮವತಿ ಯಂತ್ರವನ್ನು ಬಂದ್ ಮಾಡಿದಳು. ಹಸಿ ಮಾತಿನ ತಂತಿಯನ್ನು ನೇರವಾಗಿ ಧ್ವನಿವರ್ಧಕಕ್ಕೆ ಸಿಕ್ಕಿಸಿದಳು.

"ಮಂಗ್ಳಗೌರಿನೂ ಹೋದ್ಲು. ಇನ್ನೊಂದ್ ಹೆಣ ಬಿತ್ತು ಕನ್ರೋ. ಇಬ್ರನ್ನೂ ನೀವೇ ಕೊಂದ್ರಿ. ಏ ಅರಸು, ನೀ ಕುಡ್ದಿಯಾ ಆ ಕೊಳಕು ನೀರ?"

ಅವಳ ದನಿ ಎರಡೂ ಕಿವಿಯಲ್ಲಿ ಒಂದೇ ಆಗಿ ಹೈಮವತಿಗೆ ಕೇಳಿದ್ದು ಅದೇ ಮೊದಲು. ಈಗ ಕೇಳುತ್ತಾರೆ, ಈಗ ಎಲ್ಲರೂ ಕೇಳಿಯೇ ಕೇಳುತ್ತಾರೆ ಎಂದು ಅವಳು ಕಿಟಕಿಯ ಗಾಜಿಗೆ ಮುಖವೊತ್ತಿ ಸಭೆಯನ್ನು ನೋಡಿದಳು.

ಮುಂದಿನ ಸಾಲಿನ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡ. ಪಕ್ಕದವಳು ಕಣ್ಣು ಮುಚ್ಚಿಕೊಂಡಳು. ಅಂಥ ದನಿಯನ್ನು ಅವರು ಕೇಳಿಯೇ ಬಹಳ ಕಾಲವಾಗಿತ್ತು, ಚಿಕ್ಕವರು ಕೇಳಿಯೇ ಇರಲಿಲ್ಲ. ಮಾತಿನ ಅರ್ಥ ಅವರನ್ನು ಮುಟ್ಟಲಿಲ್ಲ, ಏಕವಚನ ಮಾತ್ರ ಮುಟ್ಟಿತು. ಯಾರೂ ಕೂಗಲಿಲ್ಲ, ಕುರ್ಚಿ ಎತ್ತಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಾಗಿಲ ಕಡೆ ಸಾಲು ಹಿಡಿದರು. ಬಾಗಿಲಲ್ಲಿ ಒಬ್ಬರಿಗೊಬ್ಬರು "ನೀವು ಮೊದಲು" ಎಂದು ದಾರಿ ಬಿಟ್ಟುಕೊಟ್ಟರು. ಅರಸರು ಗಾಜಿನ ಕೋಣೆಯ ಕಡೆಗೆ ಕೈಮುಗಿದು, ನೊಂದ ಮುಖದಲ್ಲಿ ಹೊರಗೆ ನಡೆದರು. ಮೇದಿನಿ ಬ್ಯಾಗಿನಲ್ಲಿ ತಡಕಾಡಿ ಕಿವಿಹೂ ತೆಗೆದಳು. ಎರಡೂ ಕಿವಿಗೆ ಸಿಕ್ಕಿಸಿಕೊಂಡು ಅವಳೂ ಹೋದಳು.

ಶಿವಮಲ್ಲಿ ಖಾಲಿ ಕುರ್ಚಿಗಳಿಗೆ ಇನ್ನೂ ಸ್ವಲ್ಪ ಹೊತ್ತು ಹೇಳಿದಳು. ದೊಡ್ಡತಾಯಿಗೆ ಬಿಸಿಲೆಂದರೆ ಆಗುತ್ತಿರಲಿಲ್ಲವೆಂದೂ, ಮಂಗಳಗೌರಿ ಲೆಕ್ಕದಲ್ಲಿ ಎಲ್ಲರಿಗಿಂತ ಜಾಣೆಯೆಂದೂ ಹೇಳಿದಳು. ಆಮೇಲೆ ನಿಲ್ಲಿಸಿದಳು.

ಹೈಮವತಿ ಕೆಳಗಿಳಿದು ಬಂದಳು. ಗಾಜಿನ ಬಾಗಿಲು ತೆಗೆದು, ಹುಡುಗಿಯ ಎದುರು ವೇದಿಕೆಯ ನೆಲದ ಮೇಲೇ ಕೂತಳು. ಮಂಡಿ ನೋವಿದ್ದವಳಿಗೆ ಕೂರಲು ಕಷ್ಟವಾಯಿತು.

"ಹೇಳು ಮಗಳೇ. ನಾನು ಕೇಳ್ತೀನಿ."

ಶಿವಮಲ್ಲಿ ಅವಳನ್ನೇ ನೋಡಿದಳು. ಅಲ್ಲಿಂದ ಹಿಂದಿನ ಕೊಠಡಿಯ ಕಿಟಕಿ, ಕುರ್ಚಿ, ಕುರ್ಚಿಯ ಮೇಲೆ ಬಿಟ್ಟುಬಂದಿದ್ದ ಹೆಡ್‌ಫೋನು ಎಲ್ಲ ಕಾಣುತ್ತಿದ್ದವು. ಅದನ್ನೂ ನೋಡಿದಳು.

"ಅವತ್ತೂ ನಿಂಗೆ ಕೇಳುಸ್ತಾ ಇತ್ತಾ?" ಎಂದಳು. "ನಾ ಅಂದಂಗೇ?"

ಮೇಡಂ ಎನ್ನುವುದನ್ನು ಅವಳು ಬಿಟ್ಟಿದ್ದಳು. ಹೈಮವತಿ ಆ ಏಕವಚನವನ್ನು ತಲೆಬಾಗಿ ಒಪ್ಪಿಕೊಂಡಳು. "ಕೇಳಿಸ್ತಿತ್ತು" ಎಂದಳು. "ನೀ ಅಂದ ಹಾಗೇ ಕೇಳಿಸ್ತಿತ್ತು."

ಹುಡುಗಿ ಬೈಯಲಿಲ್ಲ, ದನಿಯನ್ನೂ ಎತ್ತಲಿಲ್ಲ. ನೆಲದ ಮೇಲಿದ್ದ ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಆಗ ಮಂಗ್ಳಗೌರಿ ಬದ್ಕಿದ್ಲು" ಎಂದಳು.